ಶಿರಸಿಯ ಹೋಂಸ್ಟೇ ಹುಡುಕಿದರೆ ಶಿರಸಿಯವರ ಜಾಲತಾಣ ಯಾಕೆ ಸಿಗುವುದಿಲ್ಲ?

‘ಶಿರಸಿ ಹತ್ತಿರ ಹೋಂಸ್ಟೇ’ ಎಂದು ಗೂಗಲ್‌ನಲ್ಲಿ ಹುಡುಕಿದರೆ ಹೆಚ್ಚಾಗಿ ಮೊದಲು ಬರುವುದು ರೂಮ್ ಬುಕಿಂಗ್ ಮಾಡುವ ದೊಡ್ಡ ಕಂಪನಿಗಳ ಪುಟಗಳು. ಅವುಗಳ ಬೆನ್ನಿಗೆ ‘ನೋಡಲೇಬೇಕಾದ ಹತ್ತು ತಾಣ’ ಧಾಟಿಯ ಲೇಖನಗಳು. ಬರೆದವರು ಘಟ್ಟ ಹತ್ತಿದ ಗುರುತು ಅವುಗಳಲ್ಲಿ ಇರುವುದಿಲ್ಲ. ಗೋಕರ್ಣ, ಹೊನ್ನಾವರ, ಕಾರವಾರದ್ದೂ ಇದೇ ಹಣೆಬರಹ. ಮನೆಯವರೇ ದುಡ್ಡು ಕೊಟ್ಟು ಮಾಡಿಸಿದ ಜಾಲತಾಣ ಇದ್ದರೂ ಅದರ ಹೆಸರನ್ನೇ ಟೈಪ್ ಮಾಡಿದವರಿಗೆ ಮಾತ್ರ ಸಿಗುತ್ತದೆ. ಅಷ್ಟರಲ್ಲಿ ಯಾರೋ ಫೋನ್ ಮಾಡಿ ‘ಎಸ್‌ಇಒ ಪ್ಯಾಕೇಜ್ ತಗೊಳ್ಳಿ, ಮೂರು ತಿಂಗಳಲ್ಲಿ ಮೊದಲ ಪುಟಕ್ಕೆ ತರುತ್ತೇವೆ’ ಎನ್ನುತ್ತಾರೆ. ಎಸ್‌ಇಒ ಎಂದರೆ ಹುಡುಕಾಟದಲ್ಲಿ ಪುಟ ಮೇಲೆ ಬರುವಂತೆ ಮಾಡುವ ಕೆಲಸ.

ದುಡ್ಡು ಕೊಡುವ ಮೊದಲು ತಿಳಿದಿರಬೇಕಾದ್ದು ಇಷ್ಟು: ಇಲ್ಲಿನ ಎಷ್ಟೋ ಪುಟಗಳು ಪೈಪೋಟಿಯಲ್ಲಿ ಸೋಲುವ ಹಂತಕ್ಕೂ ಬಂದಿರುವುದಿಲ್ಲ. ಪುಟವನ್ನು ಗೂಗಲ್‌ನ ಯಂತ್ರಕ್ಕೆ ಓದಲಿಕ್ಕೇ ಆಗಿರುವುದಿಲ್ಲ. ಓದಿದರೂ, ಬೇರೆಲ್ಲೂ ಸಿಗದ ಒಂದು ಮಾಹಿತಿಯೂ ಅದರಲ್ಲಿ ಇರುವುದಿಲ್ಲ. ಇವೆರಡನ್ನೂ ಪ್ಯಾಕೇಜ್ ಸರಿಮಾಡುವುದಿಲ್ಲ, ಜಾಲತಾಣದ ಯಜಮಾನರೇ ಕೂತು ಸರಿಮಾಡಬೇಕು.

ಮೊದಲು ಸೂಚಿಯಲ್ಲಿ ಇದ್ದೀರಾ ನೋಡಿ

ಗೂಗಲ್ ಕೊಂಡಿಗಳ (ಲಿಂಕ್) ಜಾಡು ಹಿಡಿದು ಪುಟಗಳನ್ನು ತಂದು ಓದುತ್ತದೆ. ಓದಿದ್ದರಲ್ಲಿ ಇಟ್ಟುಕೊಳ್ಳಲು ಯೋಗ್ಯ ಅನಿಸಿದ್ದನ್ನು ತನ್ನ ಇಂಡೆಕ್ಸ್‌ಗೆ, ಅಂದರೆ ಸೂಚಿಗೆ ಸೇರಿಸುತ್ತದೆ. ಯಾರಾದರೂ ಕೇಳಿದಾಗ ಆ ಸೂಚಿಯಿಂದ ತೆಗೆದು ಸಾಲಾಗಿ ಜೋಡಿಸಿ ಕೊಡುತ್ತದೆ. ಎಲ್ಲರೂ ತಲೆಕೆಡಿಸಿಕೊಳ್ಳುವುದು ಈ ಕೊನೆಯ ಹಂತಕ್ಕೆ. ಗಂಟು ಬಿದ್ದಿರುವುದು ಬಹಳ ಸಲ ಮೊದಲಿನ ಎರಡರಲ್ಲಿ.

ಪರೀಕ್ಷೆ ಸುಲಭ. ಹುಡುಕುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಕೋಲನ್ ಚಿಹ್ನೆ ಹಾಕಿ, ಜಾಗ ಬಿಡದೆ ನಿಮ್ಮ ಜಾಲತಾಣದ ವಿಳಾಸ ಕೊಡಿ. ಸೂಚಿಯಲ್ಲಿರುವ ಪುಟಗಳು ಬರುತ್ತವೆ. ಇದು ಅಂದಾಜಿಗೆ ಮಾತ್ರ. ನಿಖರ ಲೆಕ್ಕ ಬೇಕಾದರೆ ಗೂಗಲ್ ಸರ್ಚ್ ಕನ್ಸೋಲ್ ಎಂಬ ಸೇವೆಯಲ್ಲಿ ಜಾಲತಾಣ ನಿಮ್ಮದೆಂದು ದೃಢಪಡಿಸಿಕೊಳ್ಳಬೇಕು. ಅದಕ್ಕೆ ಶುಲ್ಕವಿಲ್ಲ. ಡೊಮೇನ್ (ಜಾಲತಾಣದ ಹೆಸರು) ಕೊಂಡ ಕಂಪನಿಯ ಖಾತೆಗೆ ಹೋಗಿ, ಆ ಹೆಸರಿನ ದಾಖಲೆಗಳಿರುವ ಡಿಎನ್‌ಎಸ್ ವಿಭಾಗದಲ್ಲಿ ಗೂಗಲ್ ಕೊಟ್ಟ ಒಂದು ಸಾಲನ್ನು ಟಿಎಕ್ಸ್‌ಟಿ ದಾಖಲೆಯಾಗಿ ಅಂಟಿಸಿದರೆ ಆಯಿತು. ಜಾಲತಾಣ ಮಾಡಿಕೊಟ್ಟ ಹುಡುಗನ ಇಮೇಲ್‌ನಲ್ಲಿ ಈ ಖಾತೆ ಇರುವುದು ಬೇಡ, ನಿಮ್ಮ ಇಮೇಲ್‌ನಲ್ಲೇ ಇರಲಿ. ಡೊಮೇನ್‌ಗೂ ಇದೇ ಮಾತು. ಆತ ಊರು ಬಿಟ್ಟು ಬೆಂಗಳೂರು ಸೇರಿದ ಮೇಲೆ ಪಾಸ್‌ವರ್ಡಿಗಾಗಿ ಅಲೆಯುವವರು ಕಡಿಮೆಯೇನಿಲ್ಲ.

ಒಂದು ಪುಟವೂ ಸೂಚಿಯಲ್ಲಿ ಇಲ್ಲದಿದ್ದರೆ ಮೊದಲು ನೋಡಬೇಕಾದ್ದು, ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ಬಳಸಿದ್ದರೆ, ಅದರ ಸೆಟ್ಟಿಂಗ್ಸ್ ಒಳಗಿನ ರೀಡಿಂಗ್ ಪುಟ. ಸರ್ಚ್ ಎಂಜಿನ್‌ಗಳು ಬಾರದಂತೆ ಮನವಿ ಮಾಡುವ ಒಂದು ಚೌಕ ಅಲ್ಲಿದೆ. ಜಾಲತಾಣ ಕಟ್ಟುವಾಗ ಅದಕ್ಕೆ ಗುರುತು ಹಾಕಿರುತ್ತಾರೆ, ಕೆಲಸ ಮುಗಿದ ಮೇಲೆ ತೆಗೆಯಲು ಮರೆತಿರುತ್ತಾರೆ. ಇಡೀ ಜಾಲತಾಣ ಕತ್ತಲಲ್ಲಿ ಕೂರಲು ಆ ಒಂದು ಗುರುತು ಸಾಕು. ಯಾವ ಪುಟ ಓದಬಾರದು ಎಂದು ಯಂತ್ರಕ್ಕೆ ತಿಳಿಸುವ ರೋಬಾಟ್ಸ್ ಫೈಲ್ ವಿಷಯದಲ್ಲೂ ಒಂದು ಗೊಂದಲ ಪದೇಪದೇ ಆಗುತ್ತದೆ. ಆ ಫೈಲ್ ತಡೆಯುವುದು ಓದುವುದನ್ನು, ಸೂಚಿಗೆ ಸೇರಿಸುವುದನ್ನಲ್ಲ. ಸೂಚಿಯಿಂದ ಹೊರಗಿಡಲು ಪುಟದೊಳಗೆ ‘ನೋಇಂಡೆಕ್ಸ್’ ಟ್ಯಾಗ್ (ಯಂತ್ರಕ್ಕಾಗಿ ಇಡುವ ಗುರುತು) ಇರಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ, ಪುಟ ಓದಲು ತಡೆ ಇರುವುದರಿಂದ ಆ ಟ್ಯಾಗ್ ಯಂತ್ರದ ಕಣ್ಣಿಗೇ ಬೀಳುವುದಿಲ್ಲ.

ಸರ್ಚ್ ಕನ್ಸೋಲ್‌ನ ವರದಿಯಲ್ಲಿ ‘ಪತ್ತೆಯಾಗಿದೆ, ಸದ್ಯ ಸೂಚಿಯಲ್ಲಿಲ್ಲ’ ಎಂದಿದ್ದರೆ ಪುಟ ಇರುವುದು ಗೂಗಲ್‌ಗೆ ಗೊತ್ತು, ಓದಲು ಇನ್ನೂ ಬಂದಿಲ್ಲ. ‘ಓದಲಾಗಿದೆ, ಸದ್ಯ ಸೂಚಿಯಲ್ಲಿಲ್ಲ’ ಎಂದಿದ್ದರೆ ಬಂದು ಓದಿದೆ, ಇಟ್ಟುಕೊಂಡಿಲ್ಲ. ಮೊದಲನೆಯದಕ್ಕೆ ಮುಖಪುಟದಿಂದ ಆ ಪುಟಕ್ಕೆ ಕೊಂಡಿ ಕೊಡುವುದು, ಸೈಟ್‌ಮ್ಯಾಪ್ (ಪುಟಗಳ ಪಟ್ಟಿ) ಸಲ್ಲಿಸುವುದು ನೆರವಾಗುತ್ತದೆ. ಎರಡನೆಯದಕ್ಕೆ ತಾಂತ್ರಿಕ ಮದ್ದು ಹುಡುಕಿ ಸುಸ್ತಾಗಬೇಡಿ, ಪುಟದಲ್ಲಿ ಹುರುಳಿಲ್ಲ ಎಂಬುದೇ ಅದರ ಮಾಮೂಲಿ ಅರ್ಥ.

ಕನ್ನಡದಂತೆ ಕಾಣುವುದೆಲ್ಲ ಕನ್ನಡವಲ್ಲ

ಎಸ್‌ಇಒ ಮಾಡಿಕೊಡುವ ಹೊರಊರಿನವರಿಗೆ ಸಾಮಾನ್ಯವಾಗಿ ಹೊಳೆಯದ ಸಂಗತಿ ಇದು. ಹಳೆಯ ನುಡಿ, ಬರಹ ತಂತ್ರಾಂಶಗಳ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಬರಹ ತೆರೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಯಂತ್ರ ಓದುವುದು ಒಳಗಿನದನ್ನು. ಸಹಕಾರ ಸಂಘದ ವಾರ್ಷಿಕ ವರದಿ, ದೇವಸ್ಥಾನದ ಸ್ಥಳಪುರಾಣ, ಯಕ್ಷಗಾನ ಮೇಳದ ತಿರುಗಾಟದ ಪಟ್ಟಿ ಇಂಥವೆಲ್ಲ ಹೀಗೇ ಪಿಡಿಎಫ್ ಆಗಿ ಬಿದ್ದಿರುತ್ತವೆ. ನಿಮ್ಮ ಪುಟದ ಒಂದು ಪ್ಯಾರಾ ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಅಂಟಿಸಿ ನೋಡಿ. ಕನ್ನಡವೇ ಬಂದರೆ ಅದು ಯೂನಿಕೋಡ್, ಅಂದರೆ ಕನ್ನಡ ಅಕ್ಷರಗಳಿಗೇ ಪ್ರತ್ಯೇಕ ಸಂಕೇತ ಇರುವ ಪದ್ಧತಿ. ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ಆ ಪುಟ ‘ಶಿರಸಿ’ ಎಂಬ ಪದಕ್ಕೆ ಎಂದೂ ಸಿಗುವುದಿಲ್ಲ.

ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಬಿಟ್ಟಿ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಕಣ್ಣಾಡಿಸಲೇಬೇಕು, ಮುಖ್ಯವಾಗಿ ಸೊನ್ನೆಗಳ ಮೇಲೆ. ‘ಅಂಕೋಲಾ’ ಮತ್ತು ‘ಅ೦ಕೋಲಾ’ ಎರಡನ್ನೂ ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡ ಅಂಕಿಯ ಸೊನ್ನೆ. ಹಲವು ಫಾಂಟ್‌ಗಳಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ ಸಂಕೇತ. ಮೊಬೈಲಿನಲ್ಲಿ ಹುಡುಕುವವರು ಅನುಸ್ವಾರವನ್ನೇ ಒತ್ತುತ್ತಾರೆ. ಗೂಗಲ್ ಕೆಲವೊಮ್ಮೆ ಊಹಿಸಿ ಸರಿಮಾಡಿಕೊಂಡೀತು, ಅದನ್ನೇ ನೆಚ್ಚಿ ಕೂರುವ ಹಾಗಿಲ್ಲ. ಕುಂದಾಪುರ, ಬಂದರು, ಹೊಸಂಗಡಿ, ಯಲ್ಲಾಪುರದ ಅಂಗಡಿ ಎಂದು ಅನುಸ್ವಾರ ಬರುವ ಪದಕ್ಕೆ ಬರವಿಲ್ಲ. ಪುಟ ತೆರೆದು ಹುಡುಕುವ ಕೀಲಿ ಒತ್ತಿ, ಅಂಕಿಯ ಸೊನ್ನೆಯನ್ನು ಹುಡುಕಿ ಅಕ್ಷರಗಳ ನಡುವೆ ಸಿಕ್ಕಿದ ಕಡೆಯೆಲ್ಲ ಬದಲಿಸಿ.

ಯೂನಿಕೋಡ್‌ನಲ್ಲೇ ಟೈಪ್ ಮಾಡಿದ ಬರಹವೂ ಪಿಡಿಎಫ್ ಆದಾಗ ಒಳಗಿನ ಅಕ್ಷರಗಳ ಸರಣಿ ಕಲಸಿಹೋಗುವುದುಂಟು, ಒತ್ತಕ್ಷರ ಒಂದು ಕಡೆ, ಗುಣಿತದ ಚಿಹ್ನೆ ಇನ್ನೊಂದು ಕಡೆ. ಹಾಗಾಗಿ ಬರಹ ಪುಟದ ಮೇಲೆಯೇ ಇರಲಿ, ಪಿಡಿಎಫ್ ಬೇಕಾದವರಿಗೆ ಕೆಳಗೊಂದು ಕೊಂಡಿ ಕೊಡಿ. ಪೋಸ್ಟರ್, ದರಪಟ್ಟಿಯ ಫೋಟೊಗೂ ಇದೇ ಮಾತು.

ಇನ್ನು ಪುಟದ ವಿಳಾಸ. ಬ್ರೌಸರ್‌ನಲ್ಲಿ ಕನ್ನಡದ ವಿಳಾಸ ಚೆಂದ ಕಾಣುತ್ತದೆ. ಕಾಪಿ ಮಾಡಿ ಕಳಿಸಿದಾಗ ಅದರ ಒಂದೊಂದು ಅಕ್ಷರ ಭಾಗವೂ ಶೇಕಡಾ ಚಿಹ್ನೆ ಸಮೇತ 9 ಅಕ್ಷರ ಉದ್ದವಾಗುತ್ತದೆ. ‘ಶಿರಸಿ’ ಎಂಬುದರಲ್ಲಿ ಗುಣಿತದ ಚಿಹ್ನೆಗಳೂ ಸೇರಿ ಇರುವುದು 5 ಭಾಗ, ಅದು 45 ಅಕ್ಷರವಾಗುತ್ತದೆ. ‘ಶಿರಸಿ-ಮಾರಿಕಾಂಬಾ-ಜಾತ್ರೆ’ 182. ವರ್ಡ್‌ಪ್ರೆಸ್ ಈ ಭಾಗಕ್ಕೆ ಇಟ್ಟಿರುವ ಮಿತಿ 200. ಇನ್ನೊಂದು ಪದ ಸೇರಿಸಿದರೆ ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಕನ್ನಡದ ವಿಳಾಸವನ್ನು ಗೂಗಲ್ ಓದುತ್ತದೆ, ಅದರಲ್ಲಿ ದೋಷವೇನಿಲ್ಲ. ಆದರೂ ವಾಟ್ಸ್ಆ್ಯಪ್‌ನಲ್ಲಿ ಹಂಚುವಾಗ ಇದು ಮೈಲುದ್ದ ಕಾಣುತ್ತದೆ, ಕೊನೆ ತುಂಡಾಗಿ ಕೊಂಡಿ ಕೆಡುವುದೂ ಉಂಟು. ಶೀರ್ಷಿಕೆ, ಬರಹ ಕನ್ನಡದಲ್ಲಿರಲಿ, ವಿಳಾಸ ಮೂರು-ನಾಲ್ಕು ಇಂಗ್ಲಿಷ್ ಪದಗಳಲ್ಲಿರಲಿ, ಪದಗಳ ನಡುವೆ ಅಡಿಗೆರೆ ಬದಲು ಅಡ್ಡಗೆರೆ ಇರಲಿ. ಗೂಗಲ್‌ನ ಬ್ಲಾಗ್ ಸೇವೆಯಾದ ಬ್ಲಾಗರ್‌ನಲ್ಲಿ ಕನ್ನಡ ಶೀರ್ಷಿಕೆ ಕೊಟ್ಟರೆ ವಿಳಾಸ ‘ಬ್ಲಾಗ್-ಪೋಸ್ಟ್’ ಎಂದೇ ಬಂದು ಪಕ್ಕದಲ್ಲೊಂದು ಸಂಖ್ಯೆ ಸೇರುತ್ತದೆ. ಪ್ರಕಟಿಸುವ ಮೊದಲೇ ಪರ್ಮಾಲಿಂಕ್ ಪೆಟ್ಟಿಗೆಯಲ್ಲಿ ನೀವೇ ಬರೆದುಕೊಡಿ.

ಹಳೆಯ ಬ್ಲಾಗ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಒಂದು ಕಾಲದಲ್ಲಿ ಭಾರತದಿಂದ ತೆರೆದರೆ ಬ್ಲಾಗರ್ ಕೊಡುವ ಬ್ಲಾಗ್‌ಸ್ಪಾಟ್ ವಿಳಾಸದ ಕೊನೆಗೆ ‘ಡಾಟ್ ಇನ್’ ಬರುತ್ತಿತ್ತು. ಆ ಡೊಮೇನ್ 2020ರಲ್ಲಿ ಗೂಗಲ್‌ನ ಕೈತಪ್ಪಿತು. ಆಗ ಬೇರೆಯವರು ಕೊಟ್ಟಿದ್ದ ಕೊಂಡಿಗಳು ಇಂದು ನಿಮ್ಮ ಬರಹಕ್ಕೆ ಬರುವುದಿಲ್ಲ. ನಿಮ್ಮದೇ ಹಳೆಯ ಲೇಖನಗಳ ಒಳಗೂ ಅಂಥ ಕೊಂಡಿಗಳಿದ್ದರೆ ‘ಡಾಟ್ ಕಾಮ್’ ಎಂದು ತಿದ್ದಿ.

ಜನ ಏನೆಂದು ಹುಡುಕುತ್ತಾರೆ

ಇಂಗ್ಲಿಷಿನಲ್ಲಿ ಶಿರಸಿಯನ್ನು ‘ಸಿರ್ಸಿ’ ಎಂದೂ ಬರೆಯುತ್ತಾರೆ, ‘ಶಿರಸಿ’ ಎಂದೂ ಬರೆಯುತ್ತಾರೆ. ಉತ್ತರ ಪ್ರದೇಶದಲ್ಲೂ ಒಂದು ಸಿರ್ಸಿ ಇದೆ. ಮುರ್ಡೇಶ್ವರ, ಮುರುಡೇಶ್ವರ ಎರಡೂ ಬಳಕೆಯಲ್ಲಿವೆ. ಕರಾವಳಿಯ ಹೆದ್ದಾರಿ ಈಗ 66, ಹಳಬರ ಬಾಯಲ್ಲಿ ಇನ್ನೂ 17. ಇವೆಲ್ಲವನ್ನೂ ಪುಟದ ಕೊನೆಗೆ ರಾಶಿ ಹಾಕುವ ಚಾಳಿ ಇದೆ. ಇಂಥ ಪದಗಳನ್ನು ಪುಟದೊಳಗೆ ಮರೆಯಲ್ಲಿ ಪಟ್ಟಿ ಮಾಡುವ ಕೀವರ್ಡ್ಸ್ ಮೆಟಾ ಟ್ಯಾಗನ್ನು ಶ್ರೇಯಾಂಕಕ್ಕೆ ಪರಿಗಣಿಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ, ಇಂದಿಗೂ ಅದನ್ನು ತುಂಬಿ ಬಿಲ್ ಮಾಡುವವರಿದ್ದಾರೆ. ಶೀರ್ಷಿಕೆಯಲ್ಲಿ ಹೆಚ್ಚು ಬಳಕೆಯ ರೂಪ, ಮೊದಲ ಪ್ಯಾರಾದಲ್ಲಿ ತಾಲ್ಲೂಕು, ಜಿಲ್ಲೆಯ ಹೆಸರು, ವಾಕ್ಯದ ಓಟದಲ್ಲಿ ಸಹಜವಾಗಿ ಬಂದರೆ ಇನ್ನೊಂದು ರೂಪ. ಅಷ್ಟು ಸಾಕು.

ಮಾರುವ ಸರಕಿನ ಹೆಸರಲ್ಲೂ ಇದೇ ಕೆಲಸ. ಘಟ್ಟದ ಮೇಲೆ ಮುರುಗಲು ಅಂದರೆ ಗೊತ್ತು, ಮುಂಬೈ-ಪುಣೆಯ ಗಿರಾಕಿ ಹುಡುಕುವುದು ಕೋಕಂ ಎಂದು. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂದ ಮೇಲೆ ಹೆಸರು ಕೇಳಿ ಹುಡುಕುವವರು ಹೊರಗೂ ಇದ್ದಾರೆ. ಅವರಿಗೆ ‘ಉತ್ಕೃಷ್ಟ ಗುಣಮಟ್ಟದ ಮಾವು’ ಎಂಬ ಸಾಲು ಬೇಕಿಲ್ಲ. ತೆಳು ಸಿಪ್ಪೆಯ ಕರಿ ಇಶಾಡಕ್ಕೂ ದಪ್ಪ ಸಿಪ್ಪೆಯ ಬಿಳಿ ಇಶಾಡಕ್ಕೂ ಏನು ವ್ಯತ್ಯಾಸ, ಹಣ್ಣು ಯಾವ ವಾರದಿಂದ ಸಿಗುತ್ತದೆ, ಎಷ್ಟು ದಿನ ತಡೆಯುತ್ತದೆ, ಹಣ್ಣು ಮುಗಿದ ಮೇಲೆ ರಸ ಡಬ್ಬಿಯಲ್ಲಿ ಸಿಗುತ್ತದೆಯೇ, ಇದು ಬೇಕು.

ಪುಟದಲ್ಲಿ ಏನಿರಬೇಕು

ಹೋಂಸ್ಟೇ ಪುಟವನ್ನೇ ತೆಗೆದುಕೊಳ್ಳೋಣ. ‘ಪ್ರಕೃತಿಯ ಮಡಿಲಲ್ಲಿ ನೆಮ್ಮದಿಯ ವಾಸ’ ಎಂದು ಶುರುವಾಗುವ ಪುಟಗಳು ಸಾವಿರ ಇವೆ, ಅದಕ್ಕೆ ಸಾವಿರದ ಒಂದನೆಯದು ಸೇರಿಸಿ ಉಪಯೋಗವಿಲ್ಲ. ಬುಕಿಂಗ್ ಕಂಪನಿಗೆ ಗೊತ್ತಿರಲು ಸಾಧ್ಯವೇ ಇಲ್ಲದ ವಿಷಯಗಳು ಯಜಮಾನರ ಹತ್ತಿರ ಇರುತ್ತವೆ. ಶಿರಸಿಗೆ ರೈಲಿಲ್ಲ, ಕುಮಟಾ ನಿಲ್ದಾಣದಲ್ಲಿ ಇಳಿದರೆ ಸುಮಾರು 60 ಕಿ.ಮೀ. ಘಟ್ಟದ ದಾರಿ. ಆ ಹೊತ್ತಿಗೆ ಬಸ್ ಇದೆಯೇ? ಕೊನೆಯ ಬಸ್ ತಪ್ಪಿದರೆ ಏನು? ಮಳೆಗಾಲದಲ್ಲಿ ದೇವಿಮನೆ ಘಟ್ಟ ಮುಚ್ಚಿದರೆ ಬಳಸು ದಾರಿ ಯಾವುದು? ಸಣ್ಣ ಕಾರು ಅಂಗಳದ ತನಕ ಬರುತ್ತದೆಯೇ, ಇಲ್ಲ ಕೊನೆಯ ಒಂದು ಕಿಲೋಮೀಟರ್ ಮಣ್ಣುರಸ್ತೆಯೇ? ಯಾವ ಮೊಬೈಲ್ ಕಂಪನಿಯ ಸಿಗ್ನಲ್ ಸಿಗುತ್ತದೆ? ಕರೆಂಟ್ ಹೋದರೆ ಇನ್ವರ್ಟರ್ ಎಷ್ಟು ಹೊತ್ತು? ಊಟ ಸಸ್ಯಾಹಾರ ಮಾತ್ರವೇ? ಜುಲೈಯಲ್ಲಿ ತೋಟಕ್ಕೆ ಇಳಿದರೆ ಉಂಬಳ (ಜಿಗಣೆ) ಹತ್ತುತ್ತದೆ ಎಂದೂ ಬರೆದುಬಿಡಿ. ಗಿರಾಕಿ ಹೆದರಿ ಓಡುತ್ತಾನೆ ಎಂಬುದು ಬರೀ ಅಳುಕು. ಉಂಬಳದ ಬಗ್ಗೆ ಹುಡುಕುವವನು ಬರಲು ಮನಸ್ಸು ಮಾಡಿಯೇ ಹುಡುಕುತ್ತಿರುತ್ತಾನೆ.

ಶೀರ್ಷಿಕೆಯನ್ನು ‘ಹೋಮ್’ ಅಥವಾ ‘ಸ್ವಾಗತ’ ಎಂದು ಬಿಡಬೇಡಿ. ಏನು, ಎಲ್ಲಿ ಎಂಬುದು ಮೊದಲ ಐದಾರು ಪದಗಳಲ್ಲೇ ಬರಲಿ, ಕನ್ನಡ ಅಕ್ಷರ ಅಗಲ ಇರುವುದರಿಂದ ಫಲಿತಾಂಶದಲ್ಲಿ ಬೇಗ ತುಂಡಾಗುತ್ತದೆ. ಕೆಳಗೆ ಕಾಣುವ ವಿವರಣೆಯ ಸಾಲಿನಿಂದ ಸ್ಥಾನ ಮೇಲೇರುವುದಿಲ್ಲ, ಒತ್ತಬೇಕೆಂದು ಅನಿಸಲು ಮಾತ್ರ ಅದು ಸಹಾಯ. ಕನ್ನಡ, ಇಂಗ್ಲಿಷ್ ಎರಡೂ ಬೇಕಾದರೆ ಎರಡು ಬೇರೆ ಪುಟ ಮಾಡಿ, ಇನ್ನೊಂದು ಭಾಷೆಯ ಪುಟ ಎಲ್ಲಿದೆ ಎಂದು ಯಂತ್ರಕ್ಕೆ ತಿಳಿಸುವ ‘ಎಚ್‌ರೆಫ್‌ಲ್ಯಾಂಗ್’ ಟ್ಯಾಗ್‌ನಿಂದ ಜೋಡಿಸಿ. ಒಂದೇ ಪುಟದಲ್ಲಿ ಪ್ಯಾರಾಕ್ಕೊಂದು ಭಾಷೆ ಬೆರೆಸಿದರೆ ಅದು ಯಾರಿಗಾಗಿ ಎಂದು ಯಂತ್ರಕ್ಕೂ ತಿಳಿಯದು, ಓದುವವರಿಗೂ ತಿಳಿಯದು.

ಮತ್ತೆ ಮತ್ತೆ ಬರುವ ಸಂದರ್ಭಗಳಲ್ಲಿ ಆಗುವ ನಷ್ಟ ಬೇರೆ ಥರದ್ದು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2022ಕ್ಕೆ ಒಂದು ಪುಟ, 2024ಕ್ಕೆ ಇನ್ನೊಂದು, ಪ್ರತಿ ಸಲ ಇಸವಿ ಹಾಕಿದ ಹೊಸ ವಿಳಾಸ. ಹಳೆಯ ಪುಟ ಗಳಿಸಿದ್ದ ಕೊಂಡಿ, ಹೆಸರು ಎಲ್ಲ ಅಲ್ಲೇ ಉಳಿಯುತ್ತದೆ, ಹೊಸದು ಸೊನ್ನೆಯಿಂದ ಏಳಬೇಕು. ಎಷ್ಟೋ ಸಲ ಜಾತ್ರೆಯ ವಾರದಲ್ಲೂ ಹಳೆಯ ವೇಳಾಪಟ್ಟಿಯೇ ಮೇಲೆ ಕಾಣುತ್ತದೆ, ಜನ ದಾರಿ ತಪ್ಪುತ್ತಾರೆ. ವಿಳಾಸದಲ್ಲಿ ಇಸವಿ ಬೇಡ. ಒಂದೇ ಪುಟ ಇಟ್ಟು, ಶೀರ್ಷಿಕೆ ಮತ್ತು ದಿನಾಂಕ ಬದಲಿಸಿ, ಹಿಂದಿನ ಸಲದ ವಿವರ ಕೆಳಗೆ ಇಳಿಸಿ.

ಅಡಿಕೆ ಧಾರಣೆಗೂ ಇದನ್ನೇ ಅನ್ವಯಿಸಬಹುದು. ಇಂದಿನ ದರಕ್ಕೆ ಒಂದು ಖಾಯಂ ವಿಳಾಸ, ತಿಂಗಳಿಗೊಂದು ಸಂಗ್ರಹ ಪುಟ. ದಿನಕ್ಕೊಂದರಂತೆ ವರ್ಷಕ್ಕೆ 365 ಪುಟ ಮಾಡಿದರೆ ಮೂರು ಸಾಲಿನ ಬಡಕಲು ಪುಟಗಳ ಗುಡ್ಡೆ ಬೀಳುತ್ತದೆ, ಹೆಚ್ಚಿನವು ಸೂಚಿಗೇ ಸೇರುವುದಿಲ್ಲ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂಬ ಅಡಿಕೆ ಬಗೆಗಳಲ್ಲಿ ಒಂದೊಂದಕ್ಕೂ ಕನಿಷ್ಠ, ಗರಿಷ್ಠ, ಸರಾಸರಿ ದರ, ಕ್ವಿಂಟಲ್‌ಗೆ ಎಂಬ ಸೂಚನೆ, ಯಾವ ಮಾರುಕಟ್ಟೆಯದು, ಯಾವ ದಿನದ್ದು ಎಂಬುದು ನಿಜವಾದ ಕೋಷ್ಟಕದಲ್ಲಿ ಇರಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರವನ್ನು ಹಾಗೇ ಏರಿಸಿದರೆ ಆಗದು. ದರ ಬದಲಿಸದೆ ದಿನಾಂಕ ಮಾತ್ರ ಹೊಸದಾಗಿಸುವವರಿದ್ದಾರೆ. ಅಂಥ ಪುಟಕ್ಕೆ ರೈತ ಎರಡನೇ ಸಲ ಬರುವುದಿಲ್ಲ.

ನಕ್ಷೆಯೇ ಮೊದಲ ಪುಟ

ಗೋಕರ್ಣದ ರಸ್ತೆಯಲ್ಲಿ ನಿಂತು ‘ಹತ್ತಿರದ ಊಟದ ಹೋಟೆಲ್’ ಎಂದು ಹುಡುಕುವವನಿಗೆ ಕಾಣುವುದು ಗೂಗಲ್ ನಕ್ಷೆಯ ಪಟ್ಟಿ. ಇಂಥ ವ್ಯವಹಾರಕ್ಕೆ ಜಾಲತಾಣಕ್ಕಿಂತ ಮೊದಲು, ನಕ್ಷೆಯಲ್ಲಿ ನಿಮ್ಮ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಸರಿಯಾಗಬೇಕು. ಇದೂ ಉಚಿತ. ಹುಡುಕಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ದೂರ, ಎಷ್ಟು ಹೆಸರುವಾಸಿ ಎಂಬ ಮೂರರ ಮೇಲೆ ಇಲ್ಲಿನ ಸಾಲು ನಿಲ್ಲುತ್ತದೆ. ದೂರ ನಿಮ್ಮ ಕೈಯಲ್ಲಿಲ್ಲ. ಮುಖ್ಯ ವರ್ಗವನ್ನು ನಿಖರವಾಗಿ ಆರಿಸುವುದು ನಿಮ್ಮ ಕೈಯಲ್ಲಿದೆ. ಫಲಕದಲ್ಲಿ ಇಲ್ಲದ ‘ಬೆಸ್ಟ್’, ‘ನಂಬರ್ 1’ ಪದಗಳನ್ನು ಹೆಸರಿಗೆ ಅಂಟಿಸುವುದು ನಿಯಮಕ್ಕೆ ವಿರುದ್ಧ, ಪ್ರೊಫೈಲನ್ನೇ ಅಮಾನತು ಮಾಡಬಹುದು.

ಪಿನ್ ಎಲ್ಲಿ ಕೂತಿದೆ ಎಂದು ನೀವೇ ಫೋನ್ ಹಿಡಿದು ಮನೆ ಬಾಗಿಲಲ್ಲಿ ನಿಂತು ನೋಡಿ. ಅಘನಾಶಿನಿಯ ಈಚೆ ದಡದ ಮನೆಗೆ ಆಚೆ ದಡದಲ್ಲಿ ಪಿನ್ ಬಿದ್ದರೆ, ಗಿರಾಕಿ ಹೊಳೆ ನೋಡುತ್ತ ನಿಂತು ನಿಮಗೆ ಒಂದು ನಕ್ಷತ್ರ ಕೊಡುತ್ತಾನೆ. ಮನೆ ನಂಬರು, ಬೀದಿ ಹೆಸರು ಇಲ್ಲದ ಹಳ್ಳಿಗಳಿಗೆ ನಕ್ಷೆಯಲ್ಲೇ ಸಿಗುವ ಪ್ಲಸ್ ಕೋಡ್ ಎಂಬ ಚಿಕ್ಕ ಸಂಕೇತ-ವಿಳಾಸ ಒಳ್ಳೆಯದು. ಮಳೆಗಾಲದಲ್ಲಿ ಬಾಗಿಲು ಹಾಕುವವರು ಆ ತಿಂಗಳುಗಳಿಗೆ ‘ತಾತ್ಕಾಲಿಕವಾಗಿ ಮುಚ್ಚಿದೆ’ ಎಂದು ಗುರುತಿಸಿ, ತೆರೆದಾಗ ಮರೆಯದೆ ತೆಗೆಯಿರಿ. ಈ ಪ್ರೊಫೈಲಿನ ಜೊತೆಗೆ ಗೂಗಲ್ ಕೊಡುತ್ತಿದ್ದ ಬಿಟ್ಟಿ ಜಾಲತಾಣಗಳು 2024ರ ಮಾರ್ಚ್‌ನಲ್ಲಿ ನಿಂತುಹೋದವು. ವಿಸಿಟಿಂಗ್ ಕಾರ್ಡಿನ ಮೇಲೆ ಇನ್ನೂ ಅದೇ ವಿಳಾಸ ಇದ್ದರೆ ಬದಲಿಸಬೇಕು.

ವೇಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು ಎಂಬುದು ಗೂಗಲ್‌ನ ಅಳತೆ. ಇಲ್ಲಿ ತಡವಾಗುವುದು ಬಹುತೇಕ ಫೋಟೊಗಳಿಂದ. ಫೋನಿನಲ್ಲಿ ತೆಗೆದ 4 ಎಂಬಿ ಚಿತ್ರವನ್ನು 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಎಂಬ ಹಗುರ ಚಿತ್ರರೂಪದಲ್ಲಿ ಉಳಿಸಿದರೆ 200 ಕೆಬಿ ಆಸುಪಾಸಿಗೆ ಬರುತ್ತದೆ. ಮೊಬೈಲಿನಲ್ಲಿ ಸರಿಯಾಗಿ ತೆರೆಯುವುದು ಮಾತ್ರ ಕಡ್ಡಾಯ, ಗೂಗಲ್ ಈಗ ಪುಟದ ಮೊಬೈಲ್ ರೂಪವನ್ನೇ ಓದುತ್ತದೆ.

ಎಐ ಬಂದ ಮೇಲೆ

2024ರ ಆಗಸ್ಟ್‌ನಲ್ಲಿ ಭಾರತಕ್ಕೆ ಬಂದ ‘ಎಐ ಓವರ್‌ವ್ಯೂ’ ಫಲಿತಾಂಶಗಳ ತಲೆಯ ಮೇಲೇ ಉತ್ತರ ಬರೆದುಕೊಡುತ್ತದೆ. ಯಾಣದ ಬಂಡೆಗಳ ಬಗ್ಗೆ, ಕಾರವಾರದ ಬೀಚುಗಳ ಬಗ್ಗೆ ಸಾಮಾನ್ಯ ಮಾಹಿತಿ ಬೇಕಾದವರು ಇನ್ನು ನಿಮ್ಮ ಪುಟ ತೆರೆಯುವುದು ಅಪರೂಪ. ಅಂಥ ಲೇಖನಗಳನ್ನು ಎಐಯಿಂದಲೇ ಬರೆಸಿ ಡಜನ್‌ಗಟ್ಟಲೆ ಹಾಕುವುದು ಈಗಿನ ಫ್ಯಾಷನ್. ಓದುಗರಿಗೆ ಉಪಯೋಗವಿಲ್ಲದೆ, ಸ್ಥಾನಕ್ಕಾಗಿಯೇ ರಾಶಿ ರಾಶಿ ಪುಟ ಹುಟ್ಟಿಸುವುದನ್ನು ಗೂಗಲ್ 2024ರ ಮಾರ್ಚ್‌ನಿಂದ ಸ್ಪ್ಯಾಮ್ (ಕಸದ ಪುಟ) ನಿಯಮದಡಿ ತಂದಿದೆ, ಯಂತ್ರ ಬರೆದದ್ದಾದರೂ ಮನುಷ್ಯ ಬರೆದದ್ದಾದರೂ. ಉಳಿಯುವುದು ಸ್ಥಳದಲ್ಲಿದ್ದವರಿಗೆ ಮಾತ್ರ ಗೊತ್ತಿರುವ, ದಿನಾಂಕ ಇರುವ ಮಾಹಿತಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದಾಗ ಪ್ರಯಾಣಿಕರಿಗೆ ಬೇಕಾಗಿದ್ದು ‘ಇವತ್ತು ಯಾವ ದಾರಿ ತೆರೆದಿದೆ’ ಎಂಬುದು. ಹಳೆಯ ಪ್ರವಾಸ ಲೇಖನಗಳ ಸಾರದಿಂದ ಅದನ್ನು ಹೆಕ್ಕಲು ಬರುವುದಿಲ್ಲ.

ಇನ್ನು ಆ ಪ್ಯಾಕೇಜುಗಳು. ಮೊದಲ ಸ್ಥಾನ ಕೊಡಿಸುತ್ತೇನೆಂದು ಯಾರೂ ಖಾತರಿ ಕೊಡಲಾರರು ಎಂದು ಗೂಗಲ್ ತಾನೇ ಹೇಳುತ್ತದೆ. ‘500 ಬ್ಯಾಕ್‌ಲಿಂಕ್’ ಎಂದರೆ ಯಾವ ಯಾವುದೋ ದೇಶದ ಹಾಳು ಜಾಲತಾಣಗಳ ಕೊಂಡಿಗಳು. ಊರಿನ ಸೊಸೈಟಿ, ಕಾಲೇಜು, ಸಂಘ, ಪಕ್ಕದ ಊರಿನ ಬ್ಲಾಗಿನವರು ಕೊಟ್ಟ ನಾಲ್ಕು ಕೊಂಡಿ ಅದಕ್ಕಿಂತ ಮೇಲು. ಪ್ರಶ್ನೋತ್ತರದ ಸ್ಕೀಮಾ (ಯಂತ್ರಕ್ಕೆ ಅರ್ಥವಾಗುವ ಗುರುತುಗಳು) ಹಾಕಿ ಫಲಿತಾಂಶದಲ್ಲಿ ಹೆಚ್ಚು ಜಾಗ ಕೊಡಿಸುತ್ತೇವೆ ಎನ್ನುವವರಿದ್ದರೆ, 2023ರ ಆಗಸ್ಟ್‌ನಲ್ಲೇ ಗೂಗಲ್ ಅದನ್ನು ಸರ್ಕಾರಿ ಮತ್ತು ಆರೋಗ್ಯದ ನಂಬಿಕಸ್ಥ ಜಾಲತಾಣಗಳಿಗೆ ಸೀಮಿತ ಮಾಡಿತ್ತೆಂಬುದು ಗೊತ್ತಿರಲಿ.

ದುಡ್ಡಿನ ಬದಲು ತಿಂಗಳಿಗೆ ಒಂದು ಗಂಟೆ ಸರ್ಚ್ ಕನ್ಸೋಲ್‌ಗೆ ಕೊಡಿ. ಪರ್ಫಾರ್ಮೆನ್ಸ್ ವರದಿಯಲ್ಲಿ 16 ತಿಂಗಳ ಲೆಕ್ಕ ಸಿಗುತ್ತದೆ, ಹಾಗಾಗಿ ಕಳೆದ ಸೀಸನ್ನಿಗೂ ಈ ಸೀಸನ್ನಿಗೂ ಹೋಲಿಸಬಹುದು. ಸರಾಸರಿ ಸ್ಥಾನ 8ರಿಂದ 20ರ ನಡುವೆ ಇರುವ, ಜನರಿಗೆ ಕಾಣಿಸುತ್ತಿದ್ದರೂ ಕ್ಲಿಕ್ ಬೀಳದ ಹುಡುಕಾಟಗಳನ್ನು ಆರಿಸಿ. ಆ ಪ್ರಶ್ನೆಗೆ ಪುಟದಲ್ಲಿ ನೇರ ಉತ್ತರ ಇದೆಯೇ ನೋಡಿ, ಇಲ್ಲದಿದ್ದರೆ ಒಂದು ಪ್ಯಾರಾ ಸೇರಿಸಿ, ಯುಆರ್‌ಎಲ್ ಪರೀಕ್ಷೆಯ ಪೆಟ್ಟಿಗೆಯಲ್ಲಿ ವಿಳಾಸ ಕೊಟ್ಟು ಮತ್ತೆ ಓದಲು ಕೋರಿಕೆ ಕಳಿಸಿ. ದಿನಕ್ಕೆ ಹತ್ತು ಸಲ ಕಳಿಸಿದರೆ ಬೇಗ ಆಗುವುದಿಲ್ಲ. ತಿದ್ದಿದ್ದರ ಪರಿಣಾಮ ಕಾಣಲು ಕೆಲವು ದಿನದಿಂದ ಹಿಡಿದು ಕೆಲವು ತಿಂಗಳು ಬೇಕು. ಆದ್ದರಿಂದ ದೀಪಾವಳಿ, ಕ್ರಿಸ್‌ಮಸ್ ರಜೆಯ ಗಿರಾಕಿಗಾಗಿ ಮಾಡುವ ಪುಟ ಆಗಸ್ಟ್ ಒಳಗೆ ಏರಿರಲಿ. ಕರಾವಳಿಯವರಿಗೆ ಮಳೆಗಾಲ ಹೇಗೂ ಬಿಡುವಿನ ಕಾಲ.